ಖಾಲಿ ಬಾರದ ಬಟ್ಟಲು

ಯಜ್ದ್
ಮೆಹರ್ ೯, ೧೩೮೯ (ಇರಾನಿ ಪಂಚಾಂಗ; ಕ್ರಿ.ಶ. ೨೦೧೦)

ಅಣ್ಣನ ಮಗಳು ಸೂದಾಬೆಗೆ,

ನನ್ನ ಅಕ್ಷರ ನೋಡಿ ನಗಬೇಡ. ಕಲಿಸಿದವಳು ನೀನು, ಸೊಟ್ಟಗಿದ್ದರೆ ತಪ್ಪು ಕಲಿಸಿದವರದ್ದು. ಕುರಾನ್ ಓದುವುದು ನನಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಬಂದಿತ್ತು. ನಾಲ್ಕು ಸಾಲು ಬರೆಯುವುದು ಬಂದದ್ದು ನಲವತ್ತು ದಾಟಿದ ಮೇಲೆ, ನಮ್ಮ ಮನೆಯ ಬೀದಿ ಕೋಣೆಯಲ್ಲಿ, ನಿನ್ನ ವಾಚನಾಲಯದಲ್ಲಿ. ಮೊದಲನೇ ಕಾಗದವನ್ನೇ ತೆಹ್ರಾನಿನ ಸೆರೆಮನೆಗೆ ಬರೆಯಬೇಕಾಗುತ್ತದೆ ಅಂತ ಅವತ್ತು ಯಾರಾದರೂ ಹೇಳಿದ್ದರೆ ಸೀಮೆಸುಣ್ಣ ಬಿಸಾಕಿ ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ.

ಇದನ್ನು ನಿನಗಿಂತ ಮೊದಲು ಬೇರೆ ಯಾರೋ ಓದುತ್ತಾರಂತೆ. ಓದಲಿ. ಓದುತ್ತಿರುವ ಮಗನೇ, ನಿನಗೂ ಸಲಾಂ. ಟೀ ಪಕ್ಕದಲ್ಲಿಟ್ಟುಕೊಂಡು ಕೂತುಕೋ, ನನ್ನ ಬರಹಕ್ಕೆ ತಾಳ್ಮೆ ಬೇಕು.

ನಿನ್ನನ್ನು ಕರೆದೊಯ್ಯಲು ಬಂದವರ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಕರೆದೊಯ್ದದ್ದಕ್ಕೆ ಇರುವ ಸಿಟ್ಟು ಬೇರೆ. ಇದು ಬಾಗಿಲು ಬಡಿದ ರೀತಿಗೆ. ಬಡಿಯಲು ಗಂಡಸರಿಗೆ ದಪ್ಪ ಕಬ್ಬಿಣದ ಗುಂಡು, ಹೆಂಗಸರಿಗೆ ತೆಳು ಬಳೆ ಅಂತ ನಮ್ಮ ಬಾಗಿಲಿಗೆ ಅಜ್ಜನ ಕಾಲದಿಂದ ಎರಡು ಇವೆ. ಬಂದವರಲ್ಲಿದ್ದ ಒಬ್ಬ ಹುಡುಗ ಬಡಿದದ್ದು ಹೆಂಗಸರ ಬಳೆ. ನೆರೆಮನೆಯಿಂದ ಅಖ್ದಸ್ ಬಂದಳು ಅಂದುಕೊಂಡು ಹಿಟ್ಟು ಮೆತ್ತಿದ ಕೈಯಲ್ಲಿ, ಚಾದರವನ್ನೂ ಹೊದೆಯದೆ ತೆರೆದೆ. ಅವನು ಕಣ್ಣು ಕೆಳಗೆ ಹಾಕಿ ಕ್ಷಮಿಸಿ ತಾಯಿ ಅಂದ. ಬಹಳ ಮರ್ಯಾದಸ್ಥ. ಅಷ್ಟು ಮರ್ಯಾದೆಯಿಂದ ಮನೆಮಗಳನ್ನು ಎಳೆದುಕೊಂಡು ಹೋಗುವವರನ್ನು ನಾನು ನೋಡಿರಲಿಲ್ಲ.

ನಿನ್ನನ್ನು ಕೂರಿಸಿಕೊಂಡು ಕಾರು ಹೊರಟಿತು. ಅಭ್ಯಾಸ ನೋಡು, ಓಡಿಹೋಗಿ ತಾಮ್ರದ ಬಟ್ಟಲಲ್ಲಿ ನೀರು ತುಂಬಿ, ಒಂದು ಹಸಿರೆಲೆ ಹಾಕಿ, ಕಾರಿನ ಹಿಂದೆ ಎರಚಿದೆ. ಪ್ರಯಾಣ ಹೊರಟವರು ಸುಖವಾಗಿ ಹಿಂದಿರುಗಲಿ ಅಂತ ನಿನ್ನ ಅಪ್ಪನ ಹಿಂದೆಯೂ, ಮೆಕ್ಕಾಕ್ಕೆ ಹೊರಟವರ ಹಿಂದೆಯೂ ಎರಚಿದ ಕೈ ಇದು. ವಾರ ಕಳೆಯುವುದರೊಳಗೆ ಅದೇ ಕಾರು ಮತ್ತೆ ಬಂತು. ಅದೇ ಹುಡುಗ, ಅದೇ ಜನ. ನೀನೊಬ್ಬಳು ಇರಲಿಲ್ಲ. ಅಖ್ದಸ್ ಅವಳ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು: "ರುಬಾಬೆ ಖಾನುಂ, ನೀವು ನೀರು ಹಾಕಿದ್ದು ಕಾರಿಗೆ. ಕಾರಿನೋರೇ ವಾಪಸ್ ಬಂದ್ರು. ಹೆಸರು ಹೇಳಿ ಎರಚಬೇಕಿತ್ತು."

ಆ ಗಳಿಗೆಯಲ್ಲೂ ನಮಗೆ ನಗು ಬಂತು. ಆಮೇಲೆ ಅವರು ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ಗೋಣಿಗೆ ತುಂಬಿ, ಬೀದಿ ಕೋಣೆಗೆ ಅರಗಿನ ಮುದ್ರೆ ಒತ್ತಿದರು. ನಗು ನಿಂತಿತು. ಅವರು ಹೊರಟಾಗ ಬಟ್ಟಲು ಮುಟ್ಟಲಿಲ್ಲ ನಾನು.

ಈಗ ಸಂಜೆಯ ಹೊತ್ತು ಬಳೆಯ ಸದ್ದೇ ಇಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು ಟಿಣ್ ಟಿಣ್ ಅನ್ನಿಸುತ್ತಿದ್ದಾಗ, ಒಂದು ಗಳಿಗೆ ಕೂರಲು ಬಿಡುವುದಿಲ್ಲವಲ್ಲ ಅಂತ ನಾನೇ ಗೊಣಗುತ್ತಿದ್ದೆ.

ಸ್ವೆಟರ್ ಕಳಿಸಿದ್ದೇನೆ, ಕೊಟ್ಟರೋ ಇಲ್ಲವೋ ಬರೆ.

ನಿನ್ನ ಸೋದರತ್ತೆ
ರುಬಾಬೆ


ತೆಹ್ರಾನ್
ಆಬಾನ್ ೨೧, ೧೩೮೯

ಅತ್ತೆ, ಸಲಾಂ.

ಸ್ವೆಟರ್ ಬಂತು. ಕಾಗದವೂ ಬಂತು. ಎಲ್ಲೂ ಮಸಿ ಬಳಿದಿರಲಿಲ್ಲ. ನೀವು ಟೀ ಕುಡಿಯಲು ಹೇಳಿದ್ದು ಫಲ ಕೊಟ್ಟಿರಬೇಕು. ನನಗೆ ಬರೆಯಲು ಒಂದು ಹಾಳೆಯ ಒಂದೇ ಮಗ್ಗುಲು ಕೊಡುತ್ತಾರೆ. ಚಿಕ್ಕ ಅಕ್ಷರ ಬರೆಯುವುದನ್ನು ಬಿಡಿ, ಕಣ್ಣು ಹೋಗುತ್ತದೆ ಅಂತ ನಿಮಗೆಲ್ಲ ಬೈಯುತ್ತಿದ್ದವಳು ಈಗ ಇರುವೆಸಾಲಿನ ಹಾಗೆ ಬರೆಯುತ್ತಿದ್ದೇನೆ.

ನಿದ್ದೆ ಬಾರದಾಗ ನಮ್ಮ ಕೋಣೆ ತೆರೆದ ದಿನವನ್ನು ನೆನೆಯುತ್ತೇನೆ. ಹದಿಮೂರು ವರ್ಷದ ಹಿಂದಿನ ಆ ಚುನಾವಣೆ ಮುಗಿದು ದೇಶಕ್ಕೆ ದೇಶವೇ ಕಿಟಕಿ ತೆರೆದು ಕೂತ ಹಾಗಿತ್ತು. ಏನು ಬೇಕಾದರೂ ಆಗಬಹುದು ಅನ್ನಿಸುತ್ತಿತ್ತು. ಬೀದಿ ಕೋಣೆ ಕೊಡಿ ಅಂದೆ. ಕೊಟ್ಟಿರಿ, ಆದರೆ ಒಳಗೆ ಬರಲಿಲ್ಲ. ಈ ಪುಸ್ತಕಗಳಲ್ಲಿ ದೇವರಿಲ್ಲ ಅಂದು ಹೊಸ್ತಿಲ ಮೇಲೆ ಅವರೆಕಾಳು ಬಿಡಿಸುತ್ತಾ ಕೂತಿರಿ. ಅಖ್ದಸ್ ಖಾನುಂ ಓದುವಾಗ ತಡವರಿಸಿದರೆ ಹೊಸ್ತಿಲಿಂದಲೇ ಸರಿಪಡಿಸುತ್ತಿದ್ದಿರಿ. ಚಳಿಗಾಲ ಬರುವ ಹೊತ್ತಿಗೆ ಒಳಗಿನ ಒಲೆಯ ಪಕ್ಕದ ಜಾಗ ನಿಮ್ಮದೇ ಆಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನ ಮುಂದೆ ಒಂದು ಕಾಗದ ಇಟ್ಟಿದ್ದಾರೆ. ಹೋದ ವರ್ಷ ಚುನಾವಣೆಯಾದ ಮೇಲೆ, ನಮ್ಮ ಮತ ಎಣಿಸಿದ್ದು ಹೇಗೆ ಅಂತ ಕೇಳಿ ವಾಚನಾಲಯದಿಂದ ಒಂದು ಮನವಿ ಕಳಿಸಿದ್ದೆವಲ್ಲ, ಅದನ್ನು ನಾನೊಬ್ಬಳೇ ಬರೆದೆ, ಏನೂ ತಿಳಿಯದ ಹೆಂಗಸರಿಂದ ಮೋಸದಲ್ಲಿ ಸಹಿ ಹಾಕಿಸಿದೆ, ಇನ್ನು ಆ ಕೋಣೆ ಯಾವತ್ತೂ ತೆರೆಯುವುದಿಲ್ಲ ಅಂತ ಅದರಲ್ಲಿದೆ. ಅದಕ್ಕೆ ಒಪ್ಪಿ ಸಹಿ ಹಾಕಿದರೆ ಹೊಸ ವರ್ಷದ ಹಬ್ಬಕ್ಕೆ ಮನೆಗೆ ಕಳಿಸುತ್ತಾರಂತೆ. ಹಾಕದಿದ್ದರೆ ಇನ್ನೂ ಎರಡು ಹಬ್ಬ ಇಲ್ಲೇ.

ಹಾಕುವುದಿಲ್ಲ ಅಂದೆ. ಆಗ ಇನ್ನೊಂದು ಕಾಗದ ತೋರಿಸಿದರು. ಸೂದಾಬೆ ನಮ್ಮ ದಾರಿ ತಪ್ಪಿಸಿದಳು ಅಂತ ನಮ್ಮ ಓಣಿಯ ಹೆಂಗಸರು ಬರೆದುಕೊಟ್ಟದ್ದು. ಮೊದಲ ಸಹಿ ಅಖ್ದಸ್ ಖಾನುಂದು. ಸುಳ್ಳು ಸಹಿ ಅನ್ನೋಣ ಅಂದರೆ, ಹೆಸರಿನ ಕೊನೆಯ ಅಕ್ಷರದ ಬಾಲವನ್ನು ಅಷ್ಟುದ್ದ ಎಳೆಯುವುದು ಅವರೊಬ್ಬರೇ. ಕೈಹಿಡಿದು ತಿದ್ದಿಸಿದವಳು ನಾನು.

ನಿಜವಾ ಅತ್ತೆ? ಮತ್ತೆ ಇನ್ನೊಂದು. ನಾನು ಹೊರಟ ಮೇಲೆ ನನ್ನ ಹೆಸರಲ್ಲಿ ಆಶ್ ಗಂಜಿ ಬೇಯಿಸಿದಿರಾ?

ನಿಮ್ಮ
ಸೂದಾಬೆ


ಯಜ್ದ್
ಆಜರ್ ೧೧, ೧೩೮೯

ಮಗಳೇ,

ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ನಿಜ. ಸಹಿ ಹಾಕಿದ್ದಾರೆ.

ಆ ಮರ್ಯಾದಸ್ಥ ಹುಡುಗ ಮನೆಮನೆಗೆ ಹೋದ. ಅಖ್ದಸ್ ಮಗಳಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗಬೇಕು. ಅಮ್ಮನ ನಡತೆ ಹೇಗೆ ಅಂತ ವಿಚಾರಿಸುವವರು ಇವರೇ. ಜೀವರ್ ಗಂಡ ಪುರಸಭೆಯಲ್ಲಿ ಕೆಲಸಕ್ಕಿದ್ದಾನೆ. ಒಬ್ಬೊಬ್ಬರಿಗೂ ಒಂದೊಂದು ಕುತ್ತಿಗೆ ಇದೆ, ಆ ಕುತ್ತಿಗೆ ಎಲ್ಲಿದೆ ಅಂತ ಅವರಿಗೆ ಗೊತ್ತು. ಅಖ್ದಸ್ ಆವತ್ತಿನಿಂದ ನನ್ನನ್ನು ನೋಡಿದರೆ ರಸ್ತೆಯ ಆ ಕಡೆಗೆ ದಾಟುತ್ತಾಳೆ. ನಮ್ಮ ಓಣಿಯಲ್ಲಿ ಆ ಕಡೆ ಈ ಕಡೆ ಅಂತ ಏನಿದೆ, ಒಂದು ಕತ್ತೆ ಬಂದರೆ ಇಬ್ಬರೂ ಗೋಡೆಗೆ ಅಂಟಿಕೊಳ್ಳಬೇಕು. ಆದರೂ ದಾಟುತ್ತಾಳೆ.

ನನ್ನ ಹತ್ತಿರವೂ ಬಂದ. ಟೀ ಕೊಟ್ಟೆ. ಓದದೆ ಯಾವುದಕ್ಕೂ ಸಹಿ ಹಾಕಬಾರದು ಅಂತ ನಮ್ಮ ಮೇಡಂ ಹೇಳಿಕೊಟ್ಟಿದ್ದಾರೆ, ನನಗೆ ಓದುವುದು ನಿಧಾನ, ಬಿಟ್ಟು ಹೋಗು ಅಂದೆ. ಬಿಟ್ಟು ಹೋದ. ಮುಂದಿನ ವಾರ ಬಂದು ಕೇಳಿದ. ಎರಡನೇ ಸಾಲಿನಲ್ಲಿದ್ದೇನೆ ಮಗನೇ, ಕಷ್ಟದ ಪದಗಳಿವೆ ಅಂದೆ. ಇನ್ನೂ ಎರಡನೇ ಸಾಲಿನಲ್ಲೇ ಇದ್ದೇನೆ.

ಆಶ್ ಮಾಡಲಿಲ್ಲ. ಹೊರಟವರ ಹೆಸರಲ್ಲಿ ಮೂರನೇ ದಿನ ಮಾಡಬೇಕು. ಮೂರನೇ ದಿನ ನಾನು, ವಿಚಾರಣೆ ಮುಗಿಸಿ ಸಂಜೆಗೆ ಕಳಿಸುತ್ತಾರೆ ಅಂತ ನಿನ್ನ ಚಪ್ಪಲಿ ಬಾಗಿಲಿಗೆ ತಿರುಗಿಸಿ ಇಟ್ಟುಕೊಂಡು ಕೂತಿದ್ದೆ. ಆಮೇಲೆ ಯಾರಿಗೆ ಅಂತ ಮಾಡಲಿ? ಅದು ಒಬ್ಬರು ಉಣ್ಣುವ ಅಡುಗೆಯಲ್ಲ. ಓಣಿಯ ಒಂದೊಂದು ಮನೆಗೂ ಬಟ್ಟಲು ಹೋಗಬೇಕು, ಅವರು ತಿಂದು ನಿನ್ನ ಹೆಸರು ಹೇಳಬೇಕು. ಬಟ್ಟಲು ಹಿಡಿದು ನಿಂತಾಗ ಬಾಗಿಲು ತೆರೆಯದಿದ್ದರೆ? ನನಗೆ ಅದರದ್ದೇ ಭಯ. ಆ ಹುಡುಗನ ಭಯವಲ್ಲ.

ನಿನ್ನೆ ಪೆಟ್ಟಿಗೆಯಿಂದ ನನ್ನ ಗುರುತಿನ ಪುಸ್ತಕ ತೆಗೆದು ನೋಡಿದೆ. ಮತ ಹಾಕಿದ ಮುದ್ರೆಗಳು ಒಂದರ ಮೇಲೊಂದು, ಜಾಗವೇ ಇಲ್ಲ. ದೊರೆ ಓಡಿಹೋದ ಮೇಲಿನ ಮೊದಲ ಮತದಾನ ನೆನಪಾಯಿತು. ಇಸ್ಲಾಮಿ ಗಣರಾಜ್ಯ ಬೇಕೇ ಅಂತ ಕೇಳಿದ್ದರು; ಹಸಿರು ಚೀಟಿ ಅಂದರೆ ಹೌದು, ಕೆಂಪು ಅಂದರೆ ಬೇಡ. ನಾನು, ನಿನ್ನ ಅಮ್ಮ, ಅಖ್ದಸ್, ಮೂವರೂ ಕೈಕೈ ಹಿಡಿದು ಹೋಗಿ ಹಸಿರು ಹಾಕಿದೆವು. ನೀನು ನಿನ್ನ ಅಮ್ಮನ ಸೊಂಟದ ಮೇಲೆ, ಹಸಿರು ಚೀಟಿ ಬೇಕು ಅಂತ ಅಳುತ್ತಿದ್ದೆ. ದೇವರ ಹೆಸರಿನಲ್ಲಿ ಆಳುವವರು ಸುಳ್ಳು ಹೇಳಲಾರರು ಅಂತ ನಂಬಿದ್ದೆವು. ಆವತ್ತಿನ ಸಂತೋಷ ನೆನೆದರೆ ಇವತ್ತಿಗೂ ಎದೆ ತುಂಬುತ್ತದೆ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ ನಾನು. ನಮಾಜನ್ನೂ ಬಿಟ್ಟಿಲ್ಲ. ಆದರೆ ನಮಾಜಿನ ಚಾಪೆ ನನ್ನದು, ಸರ್ಕಾರ ಕೊಟ್ಟದ್ದಲ್ಲ. ಈ ಸಾಲಿಗೆ ಮಸಿ ಬಳಿಯುವುದಿದ್ದರೆ ಬಳಿ, ಓದುತ್ತಿರುವ ಮಗನೇ. ನನಗೆ ಬಾಯಿಪಾಠವಾಗಿದೆ.

ಸಹಿ ಹಾಕು ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ. ನೀನು ಮನೆಗೆ ಬಂದರೆ ನನಗೆ ಎಷ್ಟು ಸಂತೋಷ ಅಂತ ಮಾತ್ರ ಹೇಳಬಲ್ಲೆ. ಹೇಳಿದರೆ ನಿನ್ನ ಕೈ ಹಿಡಿದು ಸಹಿ ಹಾಕಿಸಿದ ಹಾಗಾಗುತ್ತದೆ ಅಂತ ಅದನ್ನೂ ಹೇಳುತ್ತಿಲ್ಲ.

ರುಬಾಬೆ ಅತ್ತೆ


ತೆಹ್ರಾನ್
ದೆಯ್ ೨೭, ೧೩೮೯

ಅತ್ತೆ,

ಉತ್ತರ ತಡವಾಯಿತು. ಜ್ವರ ಬಂದಿತ್ತು, ಈಗ ಇಲ್ಲ. ನಿಮ್ಮ ಕಾಗದದಲ್ಲಿ ಒಂದು ಸಾಲಿಗೆ ಮಸಿ ಬಳಿದಿದ್ದರು. ನಿಮಗೆ ಬಾಯಿಪಾಠವಾಗಿದೆಯಂತೆ, ಮುಂದೆ ಯಾವಾಗಲಾದರೂ ಹೇಳಿ.

ಅಖ್ದಸ್ ಖಾನುಂ ಮೇಲೆ ನನಗೆ ಸಿಟ್ಟಿಲ್ಲ. ಮಗಳ ಸೀಟಿಗೆ ನಾನೂ ಸಹಿ ಹಾಕುತ್ತಿದ್ದೆನೋ ಏನೋ. ಆದರೆ ಬೇರೊಂದು ಯೋಚನೆ ಕೊರೆಯುತ್ತಿದೆ. ನಾನು ಇಲ್ಲಿ ಯಾರಿಗಾಗಿ ಕೂತಿದ್ದೇನೆ? ಆ ಕೋಣೆ ಬೇಕಾಗಿದ್ದವರು ಸಹಿ ಹಾಕಿ ಮನೆ ಸೇರಿದ್ದಾರೆ. ಪುಸ್ತಕಗಳು ಗೋಣಿಯಲ್ಲಿವೆ. ಬಳೆಯೂ ಸದ್ದು ಮಾಡುತ್ತಿಲ್ಲ ಅಂತ ನೀವೇ ಬರೆದಿರಿ. ಯಾರಿಗೂ ಬೇಡವಾದ ಬಾಗಿಲನ್ನು ತೆರೆದಿಡುತ್ತೇನೆ ಅಂತ ಹಟ ಹಿಡಿಯುವುದು ಧೈರ್ಯವೋ ಬರೀ ಜಂಬವೋ ಗೊತ್ತಾಗುತ್ತಿಲ್ಲ.

ಇಸ್ಫಂದ್ ತಿಂಗಳು ಶುರುವಾಗುವ ಮೊದಲು ಹೇಳಬೇಕಂತೆ. ಸಹಿ ಹಾಕೋಣ ಅಂದುಕೊಂಡಿದ್ದೇನೆ. ಹಬ್ಬಕ್ಕೆ ಬರುತ್ತೇನೆ, ನಿಮ್ಮ ಒಲೆಯ ಪಕ್ಕ ಮಲಗುತ್ತೇನೆ. ಏನೂ ಕೇಳಬೇಡಿ, ತಲೆಗೆ ಎಣ್ಣೆ ಹಚ್ಚಿ.

ಇಲ್ಲಿ ನಿನ್ನೆ ಅಡುಗೆಮನೆಯಿಂದ ಒಣಪುದೀನ ಹುರಿದ ವಾಸನೆ ಬಂತು. ತುಂಬಾ ಅತ್ತುಬಿಟ್ಟೆ.

ಸೂದಾಬೆ


ಯಜ್ದ್
ಬಹ್ಮನ್ ೧೪, ೧೩೮೯

ಸೂದಾಬೆ,

ನಿನ್ನ ಕಾಗದ ಬಂತು. ಮೂರನೇ ದಿನ ಕಾಳು ನೆನೆಹಾಕಿದೆ.

ದೊಡ್ಡ ಕಡಾಯಿ ಇಳಿಸಿದೆ. ಪಾಲಕ್, ಕೊತ್ತಂಬರಿ, ಈರುಳ್ಳಿಸೊಪ್ಪು ಒಬ್ಬಳೇ ಹೆಚ್ಚಿದೆ. ಶ್ಯಾವಿಗೆಯನ್ನು ಮುರಿಯದೆ ಉದ್ದಕ್ಕೆ ಹಾಕಿದೆ; ಹೊರಟವರ ದಾರಿಯ ಎಳೆ ತುಂಡಾಗಬಾರದಲ್ಲ. ಮೇಲೆ ಗಟ್ಟಿ ಮಜ್ಜಿಗೆ, ಕರಿದ ಈರುಳ್ಳಿ, ನಿನ್ನನ್ನು ಅಳಿಸಿದ ಆ ಪುದೀನ. ಮೂರನೇ ದಿನದ ಆಶ್ ನಾಲ್ಕು ತಿಂಗಳು ತಡವಾಗಿ ಬೆಂದಿತು. ತಡವಾದರೆ ಫಲ ಇಲ್ಲ ಅಂತ ಯಾವ ಗ್ರಂಥದಲ್ಲೂ ಇಲ್ಲ, ನಾನು ನೋಡಿದ್ದೇನೆ.

ಮನೆಮನೆಗೂ ಹೋದೆ. ಹೆಂಗಸರ ಬಳೆಯನ್ನೇ ಬಡಿದೆ. ತೆರೆದಾಗ ಒಂದೇ ಮಾತು: "ಸೂದಾಬೆ ಪ್ರಯಾಣ ಹೋಗಿದ್ದಾಳೆ. ಅವಳ ಹೆಸರಲ್ಲಿ ಆಶ್." ಅಖ್ದಸ್ ಬಾಗಿಲಲ್ಲಿ ಬಹಳ ಹೊತ್ತು ನಿಂತೆ. ಒಳಗೆ ಹೆಜ್ಜೆ ಸದ್ದು ಕೇಳುತ್ತಿತ್ತು, ಬಾಗಿಲ ತನಕ ಬಂದು ಹಿಂದೆ ಹೋಗುತ್ತಿತ್ತು. ಕೊನೆಗೆ ತೆರೆದಳು. ಬಟ್ಟಲು ತಗೊಂಡಳು.

ಓಣಿಯ ತುದಿಯಲ್ಲಿ ಕಾರಿನಲ್ಲಿ ಕೂತಿದ್ದ ಆ ಹುಡುಗನಿಗೂ ಒಂದು ಬಟ್ಟಲು ಕೊಟ್ಟೆ. ಹರಕೆಯ ಅಡುಗೆ ಕುದಿಯುವಾಗ ವಾಸನೆ ಮೂಗಿಗೆ ಬಿದ್ದವರಿಗೆ ಕೊಡದಿದ್ದರೆ ಪಾಪ. ಇದೇನು ತಾಯಿ ಅಂದ. ಪ್ರಯಾಣಿಕಳ ಆಶ್ ಅಂದೆ. ಯಾವ ಪ್ರಯಾಣಿಕಳು ಅಂತ ಕೇಳಲಿಲ್ಲ, ತಲೆ ತಗ್ಗಿಸಿ ತಿಂದ.

ಇನ್ನು ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತೇ ಇದೆ, ಬಂದ ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದು. ಒಂದು ತುಂಡು ಸಕ್ಕರೆಯೋ ಒಂದು ಎಲೆಯೋ ಇಟ್ಟು ಕೊಡಬೇಕು. ರಾತ್ರಿ ಎಲ್ಲ ಸುಮ್ಮನಿತ್ತು. ಮರುದಿನ ಮಧ್ಯಾಹ್ನದ ನಮಾಜ್ ಆದ ಮೇಲೆ ಬಳೆ ಟಿಣ್ ಅಂದಿತು. ಆಮೇಲೆ ಇನ್ನೊಮ್ಮೆ. ಆಮೇಲೆ ಸಂಜೆಯ ತನಕ ಕೂರಲು ಬಿಡಲಿಲ್ಲ. ಒಂದು ಬಟ್ಟಲೂ ಖಾಲಿ ಬರಲಿಲ್ಲ, ಸೂದಾಬೆ. ಒಳಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯುತ್ತಾ ಕೂರುವುದಿಲ್ಲ, ನೀನೇ ಬಂದಾಗ ನೋಡು. ಆ ಹುಡುಗನ ಬಟ್ಟಲಲ್ಲೂ ಒಂದು ಹಿಡಿ ಕಲ್ಲುಸಕ್ಕರೆ ಇತ್ತು. ಅವನಿಗೂ ಮನೆಯಲ್ಲಿ ಒಬ್ಬ ತಾಯಿ ಇದ್ದಾಳೆ ಅಂತಾಯಿತು.

ನೀನು ಯಾರಿಗಾಗಿ ಕೂತಿದ್ದೀಯ ಅಂತ ಕೇಳಿದ್ದೆ. ನನಗೆ ದೊಡ್ಡ ಮಾತು ಬರುವುದಿಲ್ಲ. ಬಳೆ ಸದ್ದು ಮಾಡುತ್ತಿದೆ ಅಂತ ಮಾತ್ರ ತಿಳಿಸಲು ಬರೆದೆ. ಬಂದರೆ ಎಣ್ಣೆ ಹಚ್ಚುತ್ತೇನೆ, ಏನೂ ಕೇಳುವುದಿಲ್ಲ. ಅದು ಯಾವಾಗ ಬಂದರೂ ಸರಿ, ಹೇಗೆ ಬಂದರೂ ಸರಿ.

ರುಬಾಬೆ ಅತ್ತೆ


ತೆಹ್ರಾನ್
ಇಸ್ಫಂದ್ ೩, ೧೩೮೯

ಅತ್ತೆ,

ಇವತ್ತು ಅರ್ಧ ಹಾಳೆ ಮಾತ್ರ ಕೊಟ್ಟಿದ್ದಾರೆ, ಕಾರಣ ನಿಮಗೇ ತಿಳಿಯುತ್ತದೆ. ಸಹಿಗೆ ಅಂತ ಪೆನ್ನು ಕೈಗೆ ಕೊಟ್ಟರು. ಓದುವುದು ನಿಧಾನ, ಬಿಟ್ಟು ಹೋಗಿ ಅಂದೆ. ಅವರಿಗೆ ನಗು ಬರಲಿಲ್ಲ.

ಹಬ್ಬಕ್ಕೆ ಬರುವುದಿಲ್ಲ. ಮುಂದಿನ ಹಬ್ಬಕ್ಕೂ ಕಾಯಬೇಡಿ. ಅಳಬೇಡಿ ಅಂತ ಹೇಳುವುದಿಲ್ಲ, ಸ್ವಲ್ಪ ಅತ್ತುಬಿಡಿ, ಆಮೇಲೆ ಹಬ್ಬದ ಗೋಧಿ ಮೊಳಕೆ ಹಾಕಿ. ಅಖ್ದಸ್ ಖಾನುಂಗೆ ನನ್ನ ಸಲಾಂ. ಬಟ್ಟಲು ಹಿಂದಿರುಗಿಸಲು ಅವರು ನಮ್ಮ ಬಾಗಿಲ ತನಕ ನಡೆದು ಬಂದರಲ್ಲ, ನನಗೆ ಅಷ್ಟು ಸಾಕು. ಅದನ್ನು ಓದಿದ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಸೂದಾಬೆ


ಯಜ್ದ್
ಫರ್ವರ್ದೀನ್ ೧, ೧೩೯೦

ನನ್ನ ಸೂದಾಬೆ,

ಇದು ಅಂಚೆಗೆ ಹೋಗುವ ಕಾಗದವಲ್ಲ. ಓದುತ್ತಿದ್ದ ಆ ಮಗನಿಗೆ ಇವತ್ತು ರಜೆ. ಇದನ್ನು ಬರೆದು ಹಿಟ್ಟಿನ ಡಬ್ಬಿಯ ಕೆಳಗೆ ಇಡುತ್ತೇನೆ, ನೀನು ಬಂದ ದಿನ ಕೊಡುತ್ತೇನೆ. ಬರೆಯದೆ ಇಟ್ಟುಕೊಂಡರೆ ಹೊಟ್ಟೆ ಒಡೆದುಹೋಗುತ್ತದೆ.

ಅಳು ಅಂದಿದ್ದೆಯಲ್ಲ, ಅತ್ತುಬಿಟ್ಟೆ. ಸ್ವಲ್ಪ ಅಲ್ಲ. ಎರಡು ವರ್ಷ ಅಂದರೆ ನನ್ನ ವಯಸ್ಸಿಗೆ ಕಡಿಮೆಯೇನಲ್ಲ. ಸಹಿ ಹಾಕಿ ಬಂದುಬಿಡಬಾರದಿತ್ತೇ ಈ ಹಟಮಾರಿ ಅಂತ ನಿನ್ನನ್ನು ಬೈದೆ. ಆಮೇಲೆ ಮುಖ ತೊಳೆದು ಗೋಧಿ ನೆನೆಹಾಕಿದೆ.

ಈಗ ಬಟ್ಟಲುಗಳಲ್ಲಿ ಏನು ಬಂತು ಅಂತ ಹೇಳುತ್ತೇನೆ. ಮೊದಲು ಬಂದವಳು ಅಖ್ದಸ್. ಬಟ್ಟಲನ್ನು ತಟ್ಟೆಯ ಮೇಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಚಾದರದೊಳಗೆ ಹಿಡಿದು ಬಂದಿದ್ದಳು. ಬಟ್ಟಲಲ್ಲಿ ನಾಲ್ಕು ಖರ್ಜೂರ. ತಟ್ಟೆಗೂ ಬಟ್ಟಲಿಗೂ ನಡುವೆ ಒಂದು ಪುಸ್ತಕ. ನೂರು ವರ್ಷದ ಹಿಂದೆ ನಮ್ಮವರು ಸಂವಿಧಾನ ಬೇಕು ಅಂತ ಹೋರಾಡಿದ ಆ ಚರಿತ್ರೆ, ನೀನು ಕರೆಯುತ್ತಿದ್ದ ಹಾಗೆ ಇಟ್ಟಿಗೆ. ನಿನ್ನನ್ನು ಹಿಡಿಯುವ ಹಿಂದಿನ ವಾರ ಅವಳು ಮನೆಗೆ ಒಯ್ದಿದ್ದಳಂತೆ. ಗೋಣಿಗೆ ತುಂಬಿದ್ದು ಕಪಾಟಿನಲ್ಲಿದ್ದದ್ದನ್ನು ಮಾತ್ರ. ಎರವಲು ಹೋಗಿದ್ದವು ಮನೆಮನೆಗಳಲ್ಲೇ ಉಳಿದಿದ್ದವು ಅನ್ನುವುದು ಅವರ ತಲೆಗೂ ಹೋಗಿರಲಿಲ್ಲ, ನನ್ನ ತಲೆಗೂ ಹೋಗಿರಲಿಲ್ಲ. ಅಖ್ದಸ್ ಅದನ್ನು ಅಕ್ಕಿ ಚೀಲದೊಳಗೆ ಹೂತಿಟ್ಟಿದ್ದಳು. ಹಾಳೆ ಬಿಡಿಸಿದರೆ ಇನ್ನೂ ಅಕ್ಕಿ ಉದುರುತ್ತದೆ.

ಅವಳು ಕೂರಲಿಲ್ಲ. ನಿಂತೇ ಅತ್ತಳು. ನಾನು ಸಹಿಯ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ. ಹೊರಡುವಾಗ ಕಣ್ಣೊರೆಸಿಕೊಂಡು ಕೇಳಿದಳು: "ಓದಿ ಮುಗಿಸಿದೆ. ಇನ್ನೊಂದು ಯಾವ್ದಿದೆ?"

ಆಗ ನನ್ನ ಹತ್ತಿರ ಕೊಡಲು ಏನಿತ್ತು? ಸಂಜೆಯ ತನಕ ತಾಳು ಅಂದೆ. ಅಷ್ಟರಲ್ಲಿ ಜೀವರ್ ಬಂದಳು, ಪಿಸ್ತಾ ತುಂಬಿದ ಬಟ್ಟಲಿನ ಕೆಳಗೆ ಮದುವೆ ಕಾನೂನಿನ ಪುಸ್ತಕ. ಮಗುವಿನ ತೊಟ್ಟಿಲ ಹಾಸಿಗೆಯಡಿ ಇಟ್ಟಿದ್ದಳಂತೆ, ಒದ್ದೆಯಾಗಿ ಒಣಗಿ ಉಬ್ಬಿದೆ. ಮೂಲೆಮನೆಯಿಂದ ರಟ್ಟು ಹೋದ ಕಾದಂಬರಿ ಬಂತು, ಬರೆದವರು ಯಾರು ಅಂತ ಮೊದಲ ಹಾಳೆ ಹೇಳುವುದಿಲ್ಲ. ಬರೀ ತುಳಸಿಯಂಥ ಎಲೆ ಇಟ್ಟು ಕಳಿಸಿದವರೂ ಇದ್ದಾರೆ. ಅದೂ ಸರಿಯೇ. ಕೊನೆಗೆ ನೋಡಿದರೆ ನನ್ನ ಗೋಧಿಹಿಟ್ಟಿನ ಗೂಡು ಒಂದು ಚಿಕ್ಕ ಕಪಾಟಾಗಿತ್ತು.

ಆವತ್ತಿನಿಂದ ನಡೆಯುತ್ತಿದೆ ಮಗಳೇ. ನಮ್ಮ ಓಣಿಯಲ್ಲಿ ಈಗ ಎಲ್ಲರಿಗೂ ಬಲು ಹಸಿವು. ದಿನವೂ ಯಾರೋ ಯಾರಿಗೋ ಏನಾದರೂ ಬೇಯಿಸಿ ಕಳಿಸುತ್ತಾರೆ, ಬಟ್ಟಲು ಖಾಲಿ ಬರುವುದಿಲ್ಲ. ಬೀದಿ ಕೋಣೆಯ ಅರಗಿನ ಮುದ್ರೆ ಹಾಗೇ ಇದೆ, ನಾನು ಧೂಳು ಒರೆಸುತ್ತೇನೆ. ಆ ಮರ್ಯಾದಸ್ಥ ಹುಡುಗ ಹೋದ ವಾರವೂ ಬಂದು ಓದಿ ಆಯಿತೇ ತಾಯಿ ಅಂದ. ಮೂರನೇ ಸಾಲಿಗೆ ಬಂದಿದ್ದೇನೆ ಅಂದೆ. ಅವನ ಕಾಗದ ಮಾತ್ರ ಮುಂದೆ ಹೋಗುತ್ತಿಲ್ಲ. ಅಖ್ದಸ್ ತಂದ ಇಟ್ಟಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿಸಿದ್ದೇನೆ. ದೇವರಿಲ್ಲದ ಪುಸ್ತಕ ಅಂದಿದ್ದೆನಲ್ಲ, ಅದರ ತುಂಬಾ ಮುಲ್ಲಾಗಳೇ ಇದ್ದಾರೆ, ಕೆಲವರು ಒಳ್ಳೆಯವರು ಕೂಡ.

ಇವತ್ತು ನೆಲಕ್ಕೆ ಹಬ್ಬದ ಹಾಸುಬಟ್ಟೆ ಹರಡಿದೆ. ಮೊಳಕೆ, ಬೆಳ್ಳುಳ್ಳಿ, ಸೇಬು, ವಿನೆಗರ್, ಎಲ್ಲ ಇಟ್ಟೆ. ಕುರಾನಿನ ಪಕ್ಕದಲ್ಲಿ ಆ ಇಟ್ಟಿಗೆಯನ್ನೂ ಇಟ್ಟೆ. ಹೊಸ ವರ್ಷ ಕಾಲಿಡುವ ಗಳಿಗೆಯಲ್ಲಿ ಅಖ್ದಸ್ ನನ್ನ ಪಕ್ಕ ಕೂತಿದ್ದಳು. ನಿನ್ನ ತಟ್ಟೆ ಹಾಕಿದ್ದೆವು. ನಿನ್ನ ಅಮ್ಮ ಇದ್ದಾಗ ನಾವು ಮೂವರೂ ಹೀಗೇ ಕೂರುತ್ತಿದ್ದೆವು, ನೀನು ಸೇಬು ಕದಿಯುತ್ತಿದ್ದೆ. ಈ ಸಲ ಸೇಬನ್ನು ಯಾರೂ ಮುಟ್ಟಲಿಲ್ಲ.

ಎಲ್ಲ ಮುಗಿದ ಮೇಲೆ ಬಟ್ಟಲುಗಳನ್ನು ತೊಳೆದು ಒರೆಸಿ ಗೂಡಿಗೆ ಜೋಡಿಸಿದೆ. ಯಾರದು ಯಾರಿಗೆ ಹೋಗಬೇಕು ಅಂತ ನೋಡಿ ಒಂದೊಂದರಲ್ಲೂ ಏ‌ನಾದರೂ ತುಂಬಿಟ್ಟಿದ್ದೇನೆ. ಒಂದೇ ಒಂದು ಖಾಲಿ ಇದೆ. ಆವತ್ತು ಕಾರಿನ ಹಿಂದೆ ನೀರು ಎರಚಿದ ತಾಮ್ರದ ಬಟ್ಟಲು.

ಅದಕ್ಕೆ ನಾನು ಏನನ್ನೂ ಹಾಕುವುದಿಲ್ಲ. ತುಂಬಿ ಕೊಡಬೇಕಾದವಳು ನೀನು.

ಕಾಯುತ್ತಿರುವ
ರುಬಾಬೆ ಅತ್ತೆ